ಡಾಕ್ಟರಿಲ್ಲದ ಹಡಗಿನಲ್ಲಿ ಟೆಲಿಮೆಡಿಸಿನ್: ಯಾವ ಉಪಕರಣ ಬೇಕು, ಯಾರಿಗೆ ಕರೆ, ಏನು ಕಳಿಸಬೇಕು?

ಸೆಕೆಂಡ್‌ಮೇಟ್_ಕುಂದಾಪುರ
ಬಲ್ಕ್ ಕ್ಯಾರಿಯರ್, 22 ಜನ, ಡಾಕ್ಟರಿಲ್ಲ. ಔಷಧಿ ಪೆಟ್ಟಿಗೆ, ಹಾಸ್ಪಿಟಲ್ ಕ್ಯಾಬಿನ್ ಎರಡೂ ಸೆಕೆಂಡ್ ಆಫೀಸರ್ ಸುಪರ್ದಿ. ಕಂಪನಿ ಎರಡರಲ್ಲಿ ಒಂದನ್ನು ಆರಿಸಲು ಹೇಳಿದೆ. ಮೊದಲನೆಯದು ಲೈವ್ ವಿಡಿಯೊ, ಡಿಜಿಟಲ್ ಸ್ಟೆತಸ್ಕೋಪ್, ಇಸಿಜಿ ಎಲ್ಲ ಸೇರಿದ ಸೂಟ್‌ಕೇಸ್, ವರ್ಷದ ಚಂದಾ ಬೇರೆ. ಎರಡನೆಯದು ಬಿಡಿ ಉಪಕರಣ ಕೊಂಡು ಈಮೇಲ್‌ನಲ್ಲಿ ಕಳಿಸುವುದು. ಲಿಂಕ್ ಕೆಯು ಬ್ಯಾಂಡ್ ವಿಸ್ಯಾಟ್, ಅಂದರೆ ಉಪಗ್ರಹ ಇಂಟರ್ನೆಟ್; ಬ್ಯಾಕಪ್‌ಗೆ ಫ್ಲೀಟ್‌ಬ್ರಾಡ್‌ಬ್ಯಾಂಡ್ ಎಂಬ ಇನ್ನೊಂದು ಉಪಗ್ರಹ ಸೇವೆ. ರೂಟ್ ಹೆಚ್ಚಾಗಿ ಹಿಂದೂ ಮಹಾಸಾಗರ, ಕೆಲವೊಮ್ಮೆ ಪಶ್ಚಿಮ ಆಫ್ರಿಕಾ. ಯಾವುದಕ್ಕೆ ದುಡ್ಡು ಹಾಕಿಸಬೇಕು? ಕರೆ ಮೊದಲು ಯಾರಿಗೆ?

ರೇಡಿಯೊ_ರೂಮ್
ಎರಡನೇ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ.

ಸಲಹೆ ಬೇಕೋ, ರೋಗಿಯನ್ನು ಇಳಿಸಬೇಕೋ ಎಂದು ಮೊದಲು ತೀರ್ಮಾನಿಸಿ. ಸಲಹೆಗೆ ಟಿಮಾಸ್, ಅಂದರೆ ಹಡಗುಗಳಿಗೆಂದೇ ಇರುವ ದೂರವೈದ್ಯ ಕೇಂದ್ರ. ಇಳಿಸುವುದಕ್ಕೆ ಎಂಆರ್‌ಸಿಸಿ, ಅಂದರೆ ಶೋಧ–ರಕ್ಷಣಾ ಕೇಂದ್ರ. ರೋಮ್‌ನ ಸಿಐಆರ್‌ಎಂ ಎಂಬ ಕೇಂದ್ರ 1935ರಿಂದ ಈ ಸಲಹೆಯ ಕೆಲಸ ಮಾಡುತ್ತಿದೆ, ಮೊದಲ ಅಧ್ಯಕ್ಷ ರೇಡಿಯೊದ ಮಾರ್ಕೋನಿಯೇ. ಯಾವ ಧ್ವಜದ ಹಡಗಾದರೂ ಅಲ್ಲಿ ಶುಲ್ಕವಿಲ್ಲ. ಫ್ರಾನ್ಸಿಗೆ ತುಲೂಸ್, ಜರ್ಮನಿಗೆ ಕುಕ್ಸ್‌ಹಾವನ್, ನಾರ್ವೆಗೆ ಬರ್ಗನ್. ಕರಾವಳಿ ದೇಶಗಳು ವೈದ್ಯಕೀಯ ಸಲಹೆಯನ್ನು ಹಗಲೂ ರಾತ್ರಿ ಪುಕ್ಕಟೆ ಕೊಡಬೇಕು ಎಂದು ನಾವಿಕರ ಕೆಲಸದ ಅಂತರರಾಷ್ಟ್ರೀಯ ಒಪ್ಪಂದವಾದ ಎಂಎಲ್‌ಸಿ 2006ರಲ್ಲೇ ಇದೆ, ಭಾರತ ಅದಕ್ಕೆ 2015ರಲ್ಲಿ ಒಪ್ಪಿಗೆ ಹಾಕಿದೆ. ಅದೇ ಒಪ್ಪಂದದ ಪ್ರಕಾರ 100 ಅಥವಾ ಹೆಚ್ಚು ಜನರಿದ್ದು ಮೂರು ದಿನ ಮೀರುವ ಅಂತರರಾಷ್ಟ್ರೀಯ ಯಾನವಾದರೆ ಮಾತ್ರ ಹಡಗಿನಲ್ಲಿ ಡಾಕ್ಟರ್ ಕಡ್ಡಾಯ. 22 ಜನರ ನಿಮ್ಮ ಹಡಗಿಗೆ ಡಾಕ್ಟರ್ ಅಂದರೆ ನೀವೇ.

ಹಡಗಿನ ಉಪಗ್ರಹ ಸಂದೇಶ ಯಂತ್ರವಾದ ಇನ್‌ಮಾರ್‌ಸ್ಯಾಟ್-ಸಿ ಯಲ್ಲಿ 32 ಒತ್ತಿದರೆ ವೈದ್ಯಕೀಯ ಸಲಹೆ, 38 ಒತ್ತಿದರೆ ವೈದ್ಯಕೀಯ ನೆರವು. ಇವೆರಡು ಅದಲುಬದಲಾಗುವುದೇ ಸಾಮಾನ್ಯ ತಪ್ಪು. ಚರ್ಮದ ತುರಿಕೆಗೆ 38 ಒತ್ತಿದರೆ ರಕ್ಷಣಾ ಕೇಂದ್ರದವರು ಹೆಲಿಕಾಪ್ಟರ್ ಲೆಕ್ಕ ಹಾಕತೊಡಗುತ್ತಾರೆ. ಭಾರತದ ಶೋಧ–ರಕ್ಷಣಾ ವಲಯದಲ್ಲಿ ಕೋಸ್ಟ್ ಗಾರ್ಡ್‌ನ ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಕೇಂದ್ರಗಳಿವೆ. ಧ್ವನಿಯಲ್ಲಾದರೆ ತುರ್ತು ಕರೆಯ ಸಂಕೇತವಾದ ಪ್ಯಾನ್-ಪ್ಯಾನ್ ಮೂರು ಸಲ, ಆಮೇಲೆ ವಿಷಯ.

ಇನ್ನೊಂದು ಮಾತು. ಕೇಂದ್ರದ ನಂಬರು, ಈಮೇಲ್ ಎರಡನ್ನೂ ಪ್ರಿಂಟ್ ಹಾಕಿ ಹಾಸ್ಪಿಟಲ್ ಕ್ಯಾಬಿನ್ ಬಾಗಿಲ ಒಳಬದಿಗೆ ಅಂಟಿಸಿ. ಬ್ರಿಜ್‌ನ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಬೇಕಾದಾಗ ಸಿಗುವುದಿಲ್ಲ.

ತುರ್ತುವೈದ್ಯೆ
ಉಪಕರಣದ ಪ್ರಶ್ನೆಗೆ ಉತ್ತರಿಸುವ ಮೊದಲು ಈ ಕಡೆ ಕೂತ ಡಾಕ್ಟರಿಗೆ ಏನು ಕಾಣುತ್ತದೆ ಅಂತ ನೋಡಿ. ಹೀಗೊಂದು ಮೆಸೇಜ್ ಬರುತ್ತದೆ:

“ಒಬ್ಬ ಸಿಬ್ಬಂದಿಗೆ ಹೊಟ್ಟೆನೋವು, ಜ್ವರ 101. ಡೋಲೋ ಕೊಟ್ಟಿದ್ದೇವೆ. ಮುಂದೇನು?”

ಇದಕ್ಕೆ ಉತ್ತರವಾಗಿ ಹದಿನೈದು ಪ್ರಶ್ನೆ ಹೋಗುತ್ತವೆ, ಮೂರು ಗಂಟೆ ಹೋಗುತ್ತದೆ. 101 ಯಾವ ಅಳತೆ, ಡೋಲೋ ಏನು, ರೋಮ್‌ನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಅದೇ ಹೀಗೆ ಬರಲಿ:

“ಪುರುಷ, 34, ಮೋಟರ್‌ಮ್ಯಾನ್. 18 ಗಂಟೆ ಹಿಂದೆ ಹೊಕ್ಕುಳ ಸುತ್ತ ನೋವು ಶುರು, ಈಗ ಬಲ ಕೆಳಹೊಟ್ಟೆಗೆ ಇಳಿದಿದೆ. ಒತ್ತಿ ಥಟ್ಟನೆ ಕೈ ತೆಗೆದರೆ ನೋವು ಹೆಚ್ಚು. ವಾಂತಿ 2, ಭೇದಿ ಇಲ್ಲ. ನಾಡಿ 104, ಬಿಪಿ 118/76, ಉಸಿರು ನಿಮಿಷಕ್ಕೆ 20, ತಾಪ 38.4 ಸೆಲ್ಸಿಯಸ್, ಆಕ್ಸಿಜನ್ 97, ಪೂರ್ಣ ಎಚ್ಚರ. ಮೂತ್ರಪರೀಕ್ಷೆಯ ಪಟ್ಟಿಯಲ್ಲಿ ರಕ್ತ ಇಲ್ಲ. ಅಲರ್ಜಿ ಇಲ್ಲ, ಹಳೆ ಕಾಯಿಲೆ ಇಲ್ಲ. ಪ್ಯಾರಾಸಿಟಮಾಲ್ 650 ಮಿಗ್ರಾಂ 0400 ಯುಟಿಸಿಗೆ ಕೊಟ್ಟಿದೆ. ಸ್ಥಾನ 05 ದಕ್ಷಿಣ, 068 ಪೂರ್ವ. ಹೋಗಬಹುದಾದ ಬಂದರು ಸೇಶೆಲ್ಸ್‌ನ ವಿಕ್ಟೋರಿಯಾ, 750 ನಾಟಿಕಲ್ ಮೈಲಿ, 12.5 ನಾಟ್‌ನಲ್ಲಿ 60 ಗಂಟೆ. ಔಷಧಿ ಪಟ್ಟಿ ಲಗತ್ತಿಸಿದೆ.”

ಎರಡನೆಯದಕ್ಕೆ ಒಂದೇ ಉತ್ತರದಲ್ಲಿ ಕೆಲಸ ಆಗುತ್ತದೆ: ಅಪೆಂಡಿಕ್ಸ್ ಎಂದೇ ನಡೆಸಿ, ಬಾಯಿಗೆ ಏನೂ ಬೇಡ, ಡ್ರಿಪ್, ಪೆಟ್ಟಿಗೆಯಲ್ಲಿರುವ ಇಂತಿಂಥ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಹಡಗು ತಿರುಗಿಸಿ. ಇದರಲ್ಲಿ ವಿಡಿಯೊದಿಂದ ಬಂದದ್ದು ಒಂದೂ ಇಲ್ಲ ಗಮನಿಸಿ.

ಅಳತೆಯ ಗೊಂದಲ ಸಕ್ಕರೆಯಲ್ಲೇ ಜಾಸ್ತಿ. ನಮ್ಮ ಗ್ಲುಕೋಮೀಟರ್ ಮಿಲಿಗ್ರಾಂನಲ್ಲಿ ತೋರಿಸುತ್ತದೆ, ಯುರೋಪಿನ ಹಲವು ಕಡೆ ಮಿಲಿಮೋಲ್. ಮಿಲಿಮೋಲನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ. “ಸಕ್ಕರೆ 20” ಅಂತ ಅಳತೆ ಹಾಕದೆ ಬರೆದರೆ ಒಬ್ಬರಿಗೆ ಅದು ವಿಪರೀತ ಕಮ್ಮಿ, ಇನ್ನೊಬ್ಬರಿಗೆ 360. ಚಿಕಿತ್ಸೆ ತೀರಾ ಉಲ್ಟಾ.

ಸೆಕೆಂಡ್‌ಮೇಟ್_ಕುಂದಾಪುರ
ಮೇಡಂ, ಬಿಪಿ ಮಿಷನ್ ಹಡಗಿನಲ್ಲಿ ಎರರ್ ತೋರಿಸುವುದೇ ಹೆಚ್ಚು ಅಂತ ಕೇಳಿದ್ದೇನೆ. ಅದಕ್ಕೇನು ದಾರಿ?

ತುರ್ತುವೈದ್ಯೆ
ಆಟೊಮ್ಯಾಟಿಕ್ ಕಫ್ ನಾಡಿಯ ಸಣ್ಣ ಅಲೆಗಳನ್ನು ಹಿಡಿದು ಲೆಕ್ಕ ಹಾಕುತ್ತದೆ. ಇಂಜಿನ್ ಕಂಪನ ಅದೇ ಅಲೆಯ ಮೇಲೆ ಕೂತರೆ ಕಕ್ಕಾಬಿಕ್ಕಿಯಾಗುತ್ತದೆ. ಕೈಪಂಪಿನ ಕಫ್ ಒಂದು ಇಟ್ಟುಕೊಳ್ಳಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿಸಿ, ನಾಡಿ ಮಾಯವಾದ ಮೇಲೆ ಇನ್ನೂ 30 ಏರಿಸಿ, ನಿಧಾನ ಇಳಿಸಿ. ನಾಡಿ ಮರಳಿ ಸಿಕ್ಕ ಅಂಕೆಯೇ ಮೇಲಿನ ಬಿಪಿ. ಕೆಳಗಿನದು ಸಿಗುವುದಿಲ್ಲ, ತುರ್ತಿಗೆ ಅದಿಲ್ಲದೆಯೂ ನಡೆಯುತ್ತದೆ. “ನಾಡಿ ಹಿಡಿದು ತೆಗೆದದ್ದು” ಅಂತ ಬರೆದರೆ ಸಾಕು.

ಬೆರಳಿನ ಆಕ್ಸಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ಬೆಂಕಿ ಹೊಗೆ ಕುಡಿದವನಿಗೆ ಅದು 98 ತೋರಿಸಿದರೂ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಕ್ಸಿಜನ್ ಇರುವ ರಕ್ತದಂತೆಯೇ ಕಾಣುತ್ತದೆ. ತಲೆನೋವು, ವಾಂತಿ, ಮಂಪರು ಇದ್ದರೆ ಅಂಕೆ ಏನೇ ಇರಲಿ, ಆಕ್ಸಿಜನ್ ಹಾಕಿ.

ಇಟಿಓ_ಅಂಕೋಲಾ
ಈಗ ಇಸಿಜಿ. ಹನ್ನೆರಡು ಲೀಡ್ (ಹೃದಯವನ್ನು ನೋಡುವ ಕೋನ) ಇರುವುದೇ ಬೇಕು, ಬೆರಳಿಟ್ಟು ತೆಗೆಯುವ ಒಂದು ಲೀಡಿನದು ಹೃದಯದ ಲಯಕ್ಕೆ ಸರಿ, ಎದೆನೋವಿಗೆ ಸಾಲದು. ಕೊಳ್ಳುವವರು ಯಾರೂ ನೋಡದ ಒಂದು ಸೆಟ್ಟಿಂಗ್ ಉಂಟು: ಕರೆಂಟಿನ ಫಿಲ್ಟರ್. ಊರಿನಲ್ಲಿ ಕೊಂಡ ಮಿಷನ್ 50 ಹರ್ಟ್ಸ್‌ಗೆ ಸೆಟ್ ಆಗಿ ಬರುತ್ತದೆ. ಹೆಚ್ಚಿನ ಹಡಗುಗಳಲ್ಲಿ ಕರೆಂಟು 60 ಹರ್ಟ್ಸ್. ಫಿಲ್ಟರ್ ತಪ್ಪು ಜಾಗದಲ್ಲಿ ಕೂತಿರುವುದರಿಂದ ಇಡೀ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ಮೆನುವಿನಲ್ಲಿ 60 ಮಾಡಿ, ಇಸಿಜಿ ತೆಗೆಯುವಾಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಹಾಸಿಗೆ ಪಕ್ಕದ ರೀಡಿಂಗ್ ಲೈಟ್ ಆರಿಸಿ. ರೋಗಿಯ ಕೈಕಾಲು ಉಕ್ಕಿನ ಬಂಕ್ ಚೌಕಟ್ಟಿಗೆ ತಾಗಬಾರದು.

ಉಳಿದ ಗಲೀಜು ಚರ್ಮದ್ದು. ಇಂಜಿನ್ ರೂಮಿನವರ ಎದೆ ಮೇಲೆ ಬೆವರು, ಎಣ್ಣೆ, ಕೂದಲು ಮೂರೂ ಇರುತ್ತವೆ. ಕೂದಲು ಬೋಳಿಸಿ, ಸೋಪು ನೀರಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಎಲೆಕ್ಟ್ರೋಡ್. ಎಸಿ ಚಳಿಗೆ ನಡುಗುತ್ತಿದ್ದರೆ ಹೊದಿಸಿ. ಹಡಗು ಹೊರಳುತ್ತಿದ್ದರೆ ಮಂಡಿ ಕೆಳಗೆ ಲೈಫ್‌ಜಾಕೆಟ್ ಮಡಚಿಟ್ಟರೆ ದೇಹ ಬಿಗಿ ಹಿಡಿಯುವುದು ಕಡಿಮೆಯಾಗುತ್ತದೆ.

ಕಳಿಸುವ ಮೊದಲು ಮೊದಲನೇ ಲೀಡನ್ನು ನೋಡಿ. ಅಲ್ಲಿ ಗೆರೆ ತಲೆಕೆಳಗಾಗಿದ್ದು ಎವಿಆರ್ ಎಂದು ಬರೆದ ಲೀಡಿನಲ್ಲಿ ನೆಟ್ಟಗಿದ್ದರೆ ಬಲಗೈ–ಎಡಗೈ ವಯರ್ ಅದಲುಬದಲಾಗಿರುವ ಸಂಭವವೇ ಜಾಸ್ತಿ. ಸರಿಮಾಡಿ ಇನ್ನೊಂದು ತೆಗೆಯಿರಿ. ಮಿಷನ್ನಿನ ಗಡಿಯಾರ ಯುಟಿಸಿಗೆ, ಅಂದರೆ ವಿಶ್ವ ಸಮಯಕ್ಕೆ, ಇಡಿ. ಹಡಗಿನ ಸಮಯ ಯಾನದುದ್ದಕ್ಕೂ ಹಿಂದೆ ಮುಂದೆ ಆಗುತ್ತಿರುತ್ತದೆ, ಎರಡು ಇಸಿಜಿಗಳಲ್ಲಿ ಯಾವುದು ಮೊದಲು ಅಂತ ಡಾಕ್ಟರಿಗೆ ಗೊತ್ತಾಗದಿದ್ದರೆ ಎರಡು ಕಳಿಸಿ ಪ್ರಯೋಜನವಿಲ್ಲ.

ರೇಡಿಯೊ_ರೂಮ್
ಲಿಂಕ್ ಬಗ್ಗೆ ಇಟಿಓ (ಹಡಗಿನ ಎಲೆಕ್ಟ್ರಿಕಲ್ ಆಫೀಸರ್) ಸಾಹೇಬರು ಹೇಳುವ ಮುಂಚೆ ನಾನು ಒಂದು ಸೇರಿಸುತ್ತೇನೆ. ಸೂಟ್‌ಕೇಸ್ ಮಾರುವವರು ಡೆಮೊ ಕೊಡುವುದು ಬಂದರಿನಲ್ಲಿ, ಅವರ 4ಜಿ ಡಾಂಗಲ್ ಹಾಕಿ. ಅದು ಡೆಮೊ ಅಲ್ಲ, ಜಾಹೀರಾತು.

ಇಟಿಓ_ಅಂಕೋಲಾ
ಹೌದು ಮಾರಾಯ್ರೆ, ಅಲ್ಲಿಯೇ ಎಲ್ಲ ಮೋಸ ಹೋಗುವುದು.

ವಿಸ್ಯಾಟ್‌ನ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಮೀ ಮೇಲೆ. ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಅರ್ಧ ಸೆಕೆಂಡಿಗೂ ಮೇಲೆ ಬೇಕು. ಮಾತಿಗೆ ಅದು ಸಹ್ಯ, ಆದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ಫ್ಲೀಟ್‌ಬ್ರಾಡ್‌ಬ್ಯಾಂಡ್ ಗರಿಷ್ಠ 432 ಕೆಬಿಪಿಎಸ್, ಅದೂ ಹಂಚಿಕೆಯದು. ಇದರ ಮೇಲೆ ವಿಡಿಯೊ ಬಿಟ್ಟರೆ ಮುಖ ಕಾಣುತ್ತದೆ, ಗಾಯ ಕಾಣುವುದಿಲ್ಲ. ಕೆಳಕಕ್ಷೆಯ ಸ್ಟಾರ್‌ಲಿಂಕ್ ತರದ್ದಾದರೆ ಉಪಗ್ರಹ 550 ಕಿಮೀ ಆಸುಪಾಸಿನಲ್ಲಿರುವುದರಿಂದ ವಿಡಿಯೊ ಚೆನ್ನಾಗಿಯೇ ಬರುತ್ತದೆ. ಆದರೆ ಒಂದೊಂದು ದೇಶದ ಜಲಸೀಮೆಯಲ್ಲಿ ಒಂದೊಂದು ನಿಯಮ, ಎಲ್ಲಿ ಆಫ್ ಮಾಡಬೇಕು ಅಂತ ಯಾನದ ಮೊದಲೇ ಪಟ್ಟಿ ಮಾಡಿ. ಭಾರತದ ಜಲಸೀಮೆಯೊಳಗೆ ತುರಾಯ, ಇರಿಡಿಯಂ ಫೋನುಗಳನ್ನು ಅನುಮತಿ ಇಲ್ಲದೆ ಬಳಸುವಂತಿಲ್ಲ ಅನ್ನುವುದೂ ನೆನಪಿರಲಿ.

ಸಾಮಾನ್ಯವಾಗಿ ಕೈಕೊಡುವ ಮೂರು ಜಾಗಗಳಿವೆ. ಸೂಟ್‌ಕೇಸಿನ ಟ್ಯಾಬ್ಲೆಟ್ ಹಡಗಿನ ಫೈರ್‌ವಾಲ್ ದಾಟುವುದಿಲ್ಲ. ಅದರ ಮ್ಯಾಕ್ ಅಡ್ರೆಸ್ಸನ್ನು (ಉಪಕರಣದ ಗುರುತಿನ ಸಂಖ್ಯೆ) ಮೊದಲೇ ಸೇರಿಸಿ, ಕ್ರೂ ವೈಫೈಗಿಂತ ಅದಕ್ಕೆ ಆದ್ಯತೆ ಕೊಡಿಸಿ, ತುರ್ತಿನಲ್ಲಿ ಕ್ರೂ ವೈಫೈ ಬಂದ್ ಮಾಡುವ ಅಧಿಕಾರ ಯಾರಿಗೆ ಅಂತ ಬರೆದಿಡಿ. ಎರಡನೆಯದು ಅಪ್‌ಡೇಟ್: ತಿಂಗಳುಗಟ್ಟಲೆ ಮುಚ್ಚಿಟ್ಟ ಟ್ಯಾಬ್ಲೆಟ್ ತೆರೆದ ಕೂಡಲೇ ನೂರಾರು ಎಂಬಿ ಅಪ್‌ಡೇಟ್ ಎಳೆಯಲು ಕೂರುತ್ತದೆ. ಮೂರನೆಯದು ಚಿಮಣಿಯ ನೆರಳು. ಕೆಲವು ದಿಕ್ಕಿನಲ್ಲಿ ಹೋಗುವಾಗ ಫನಲ್ (ಚಿಮಣಿ) ಅಥವಾ ಕ್ರೇನು ಆಂಟೆನಾದ ಡೋಮ್ ಮತ್ತು ಉಪಗ್ರಹದ ನಡುವೆ ಬಂದು ಲಿಂಕ್ ಕಡಿಯುತ್ತದೆ. ಬ್ರಿಜ್‌ಗೆ ಹೇಳಿ 10–20 ಡಿಗ್ರಿ ತಿರುಗಿಸಿದರೆ ಹಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಆದ್ದರಿಂದ ನನ್ನ ಓಟು, ಅಳೆದದ್ದನ್ನು ತನ್ನಲ್ಲೇ ಉಳಿಸಿಕೊಂಡು ಲಿಂಕ್ ಸಿಕ್ಕಾಗ ಪಿಡಿಎಫ್ ಆಗಿ ಕಳಿಸುವ ಉಪಕರಣಕ್ಕೆ. ಲಿಂಕ್ ಇಲ್ಲದಿದ್ದರೆ ಇಸಿಜಿಯೇ ತೆಗೆಯಲು ಬಿಡದ ಸೂಟ್‌ಕೇಸುಗಳಿವೆ. ಅಂಥದ್ದು ಬೇಡವೇ ಬೇಡ.

ತುರ್ತುವೈದ್ಯೆ
ವಿಡಿಯೊವನ್ನು ಪೂರ್ತಿ ತಳ್ಳಿಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಉಸಿರಾಟದ ಕಷ್ಟ ಎಷ್ಟಿದೆ, ಬಾಯಿ ಸೊಟ್ಟಗಾಗಿದೆಯೇ, ಎರಡೂ ಕೈ ಸಮ ಎತ್ತುತ್ತಾನೆಯೇ, ಫಿಟ್ಸ್ ನಿಜವೇ, ಇದೆಲ್ಲ ಹತ್ತು ಸೆಕೆಂಡ್ ನೋಡಿದರೆ ಹತ್ತು ಈಮೇಲಿಗಿಂತ ಮೇಲು. ಹೊಲಿಗೆ ಹಾಕಿಸುವಾಗಲೂ ಅಷ್ಟೆ. ಆದರೆ ಅದು ಲೈವ್ ಆಗಿರಲೇಬೇಕೆಂದಿಲ್ಲ. ಮೊಬೈಲಿನಲ್ಲಿ 15 ಸೆಕೆಂಡಿನ ತುಣುಕು ತೆಗೆದು, ಚಿಕ್ಕದು ಮಾಡಿ ಕಳಿಸಿ.

ಗಾಯದ ಫೋಟೊ ಎರಡು ಬೇಕು: ದೇಹದ ಯಾವ ಭಾಗ ಅಂತ ತಿಳಿಯುವಷ್ಟು ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ಫ್ಲ್ಯಾಶ್ ಬೇಡ, ರಕ್ತ ಒದ್ದೆ ಇದ್ದರೆ ಬಿಳಿ ಹೊಳಪಷ್ಟೇ ಬರುತ್ತದೆ. 5 ಎಂಬಿ ಫೋಟೊವನ್ನು 300–400 ಕೆಬಿಗೆ ಇಳಿಸಿದರೂ ನಮಗೆ ಬೇಕಾದದ್ದು ಕಾಣುತ್ತದೆ. ಗುಪ್ತಾಂಗದ ಫೋಟೊ, ರಕ್ತಪರೀಕ್ಷೆ ಇಂಥವನ್ನು ಎಲ್ಲರೂ ತೆರೆಯುವ ಶಿಪ್ ಈಮೇಲಿನಲ್ಲಿ ಹಾಕಬೇಡಿ, ಮಾಸ್ಟರ್ ಅಕೌಂಟಿನಿಂದಲೇ ಹೋಗಲಿ.

ಡಿಜಿಟಲ್ ಸ್ಟೆತಸ್ಕೋಪಿಗೆ ದುಡ್ಡು ಹಾಕಬೇಡಿ ಎನ್ನುತ್ತೇನೆ. ಇಂಜಿನ್ ಸದ್ದಿನಲ್ಲಿ ರೆಕಾರ್ಡ್ ಮಾಡಿದ ಎದೆಯ ಶಬ್ದದಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಆ ದುಡ್ಡಿಗೆ ಮೂತ್ರಪರೀಕ್ಷೆಯ ಪಟ್ಟಿ, ಮಲೇರಿಯಾ ಕಿಟ್, ಹೃದಯಾಘಾತ ಪತ್ತೆಯ ಟ್ರೋಪೋನಿನ್ ಕಿಟ್ ತರಿಸಿ. ಟ್ರೋಪೋನಿನ್ ಎದೆನೋವು ಶುರುವಾದ ಮೊದಲ ಕೆಲವು ಗಂಟೆ ನೆಗೆಟಿವ್ ಬರಬಹುದು, ಅದನ್ನು ನೋಡಿ “ಗ್ಯಾಸ್ಟ್ರಿಕ್” ಅಂತ ಮಲಗಿಸಬೇಡಿ. 6 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಪಶ್ಚಿಮ ಆಫ್ರಿಕಾ ಬಿಟ್ಟ ಮೇಲೆ ಯಾರಿಗೇ ಜ್ವರ ಬರಲಿ, ಮೊದಲ ಮೆಸೇಜಿನಲ್ಲೇ ಮಲೇರಿಯಾ ಕಿಟ್‌ನ ಫಲಿತಾಂಶ ಮತ್ತು ಬಿಟ್ಟ ಬಂದರಿನ ಹೆಸರು, ತಾರೀಕು ಇರಬೇಕು.

ಚೀಫ್‌ಮೇಟ್_ಉಳ್ಳಾಲ
ಯಾರೂ ಆಕ್ಸಿಜನ್ ಲೆಕ್ಕ ಎತ್ತಲಿಲ್ಲ. ಅಪಾಯಕಾರಿ ಸರಕಿನ ನಿಯಮದ ಜೊತೆಗಿರುವ ವೈದ್ಯಕೀಯ ಮಾರ್ಗಸೂಚಿ ಕೇಳುವುದು: ಹಾಸ್ಪಿಟಲ್‌ನಲ್ಲಿ 40 ಲೀಟರಿನ ಒಂದು ಸಿಲಿಂಡರ್, ಇಬ್ಬರಿಗೆ ಒಟ್ಟಿಗೆ ಕೊಡುವ ಫ್ಲೋಮೀಟರ್ ಸಹಿತ, ಮತ್ತೆ 2 ಲೀಟರಿನ ಪೋರ್ಟಬಲ್ ಒಂದು, ಅದಕ್ಕೊಂದು ಸ್ಪೇರ್. ಎಲ್ಲ 200 ಬಾರ್.

ಲೀಟರನ್ನು ಬಾರ್‌ನಿಂದ ಗುಣಿಸಿ. ದೊಡ್ಡದರಲ್ಲಿ 8,000 ಲೀಟರ್ ಅನಿಲ. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 9 ಗಂಟೆಯೂ ಬರುವುದಿಲ್ಲ, 5 ಲೀಟರ್ ಆದರೆ 26 ಗಂಟೆ ಚಿಲ್ಲರೆ. ಚಿಕ್ಕದು 400 ಲೀಟರ್, 10ರಲ್ಲಿ ಬಿಟ್ಟರೆ 40 ನಿಮಿಷಕ್ಕೆ ಖಾಲಿ. 60 ಗಂಟೆ ದೂರದ ಬಂದರಿಗೆ ಇದು ಯಾವ ಮೂಲೆಗೂ ಸಾಲದು. ಆದ್ದರಿಂದ ಡಾಕ್ಟರಿಗೆ ಮೊದಲ ಮೆಸೇಜಿನಲ್ಲೇ ಗೇಜ್ ಎಷ್ಟು ತೋರಿಸುತ್ತಿದೆ ಅಂತ ಬರೆಯಿರಿ. ಎಷ್ಟು ಹರಿಸಬೇಕು, ಯಾವ ಮಟ್ಟಕ್ಕೆ ತೃಪ್ತಿಪಡಬೇಕು ಅಂತ ಅವರೇ ಲೆಕ್ಕ ಕಟ್ಟುತ್ತಾರೆ. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ನಿಮಿಷಕ್ಕೆ 5 ಲೀಟರಿನ ಕಾನ್ಸಂಟ್ರೇಟರ್ ಒಂದಿದ್ದರೆ ದೊಡ್ಡ ಆಸರೆ, ಹಡಗಿನ ವೋಲ್ಟೇಜ್ ಮತ್ತು 60 ಹರ್ಟ್ಸ್‌ಗೆ ಹೊಂದುವುದೇ ಅಂತ ನೋಡಿ ತರಿಸಿ.

ವಿದೇಶಿ ಬಂದರಿನಲ್ಲಿ ಸಿಲಿಂಡರ್ ಬದಲಿಸಿದಾಗ ವಾಲ್ವಿನ ಬಾಯಿ ಬೇರೆ ಮಾದರಿಯದ್ದು ಬರಬಹುದು, ನಿಮ್ಮ ರೆಗ್ಯುಲೇಟರ್ ಕೂರುವುದೇ ಇಲ್ಲ. ಸಹಿ ಹಾಕುವ ಮೊದಲು ಸಿಕ್ಕಿಸಿ ನೋಡಿ. ಗ್ರೀಸ್ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಬಾರದು, ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಡ್ರಿಪ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಿಲಿಗೆ 20 ಹನಿಯ ಸೆಟ್ ಆದರೆ 1 ಲೀಟರ್ 8 ಗಂಟೆಗೆ ಅಂದರೆ ನಿಮಿಷಕ್ಕೆ 42 ಹನಿ. ಬಾಟ್ಲಿಯನ್ನು ಮೇಲೆ ಮಾತ್ರ ನೇತುಹಾಕಿದರೆ ತೂಗಾಡಿ ಸೂಜಿ ಕಿತ್ತುಬರುತ್ತದೆ, ಕೆಳಗೂ ಒಂದು ಕಟ್ಟು ಹಾಕಿ.

ಮಲ್ಪೆ_ದಕ್ಕೆ
ದೊಡ್ಡ ಹಡಗಿನವರಿಗೆ ರೋಮ್ ಉಂಟು, ವಿಸ್ಯಾಟ್ ಉಂಟು. ಹತ್ತು ಹನ್ನೆರಡು ದಿನಕ್ಕೆ ಹೋಗುವ ಆಳಸಮುದ್ರ ಬೋಟಿನವರಿಗೆ ಏನುಂಟು? ಮೊಬೈಲ್ ದಡ ಬಿಟ್ಟು ಸ್ವಲ್ಪ ದೂರಕ್ಕೇ ಸತ್ತುಹೋಗುತ್ತದೆ. 1554 ಅಂತ ಬೋರ್ಡ್ ಹಾಕಿದ್ದಾರೆ, ರೇಂಜ್ ಇಲ್ಲದಿದ್ದರೆ ಅದನ್ನು ಒತ್ತಿ ಏನು ಮಾಡುವುದು? ಬೋಟ್ ನಡೆಸುವ ತಂಡೇಲರಿಗೆ ಅರ್ಥ ಆಗುವ ಹಾಗೆ ಹೇಳಿ.

ರೇಡಿಯೊ_ರೂಮ್
ಅಣ್ಣ, ನ್ಯಾಯವಾದ ಪ್ರಶ್ನೆ. 1554 ಕೋಸ್ಟ್ ಗಾರ್ಡ್‌ನ ಪುಕ್ಕಟೆ ನಂಬರು, ಆದರೆ ಅದು ಮೊಬೈಲ್ ರೇಂಜ್ ಒಳಗಿನ ಮಾತು, ಇಲ್ಲವೇ ದಡದಲ್ಲಿರುವ ಮಾಲೀಕರು ಒತ್ತಬೇಕು. ಹೊರಗೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್. ಬೋಟಿನ ಆಂಟೆನಾ ತಗ್ಗಿನಲ್ಲಿರುವುದರಿಂದ ನಿಮ್ಮ ಧ್ವನಿ ದಡಕ್ಕೆ ಮುಟ್ಟದಿರಬಹುದು, ಹತ್ತಿರ ಹಾದುಹೋಗುವ ಹಡಗಿಗೆ ಮುಟ್ಟುತ್ತದೆ. ಆ ಹಡಗಿನ ಉಪಗ್ರಹ ಫೋನಿನಲ್ಲಿ ನಿಮ್ಮ ವಿಷಯ ಮುಂಬೈ ಕೇಂದ್ರಕ್ಕೆ ಹೋಗುತ್ತದೆ. ಬೋಟುಗಳ ನಡುವಿನ ಹರಟೆ ಚಾನೆಲಿನಲ್ಲೇ ಕೂಗುತ್ತಾ ಕೂತರೆ ಹಡಗಿನವರಿಗೆ ಕೇಳುವುದಿಲ್ಲ.

ಮೂರನೆಯದು ಇಸ್ರೊದವರ ಡಿಎಟಿ, ಅಂದರೆ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಪೆಟ್ಟಿಗೆ. ಹಳೆಯದು ಒಂದೇ ದಿಕ್ಕಿನದು: ಗುಂಡಿ ಒತ್ತಿದರೆ ಸಂದೇಶ ಹೋಗುತ್ತದೆ, ಮುಟ್ಟಿತೋ ಇಲ್ಲವೋ ಬೋಟಿನವರಿಗೆ ಗೊತ್ತಾಗುವುದಿಲ್ಲ. 2024ರಲ್ಲಿ ಬಂದ ಎರಡನೇ ಪೀಳಿಗೆಯದರಲ್ಲಿ ದಡದಿಂದ ಉತ್ತರ ಬರುತ್ತದೆ, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ ಸ್ವಂತ ಭಾಷೆಯಲ್ಲೂ ಓದಬಹುದು. ಅದೇ ವರ್ಷದಿಂದ ಕೇಂದ್ರ ಸರ್ಕಾರ ಮೀನುಗಾರಿಕೆ ಬೋಟುಗಳಿಗೆ ಎರಡೂ ಕಡೆ ಮೆಸೇಜ್ ಹೋಗುವ ಟ್ರಾನ್ಸ್‌ಪಾಂಡರ್ ಹಾಕಿಸುತ್ತಿದೆ. ಚಿಕ್ಕ ಮೆಸೇಜ್ ಅಷ್ಟೆ, ಮಾತಿಲ್ಲ, ಫೋಟೊ ಇಲ್ಲ. ಹಾಗಾಗಿ ಏನು ಬರೆಯಬೇಕು ಅನ್ನುವುದು ಮೊದಲೇ ಗೊತ್ತಿರಬೇಕು: ವಯಸ್ಸು, ಏನಾಯಿತು, ಎಷ್ಟು ಹೊತ್ತಿಗೆ, ಎಚ್ಚರ ಇದೆಯೇ, ಉಸಿರು ಸರಿ ಇದೆಯೇ, ರಕ್ತ ನಿಂತಿದೆಯೇ.

ತುರ್ತುವೈದ್ಯೆ
ಬೋಟಿಗೇ ವಿಶೇಷವಾದ ಮೂರು ವಿಷಯ ನಾನು ಹೇಳುತ್ತೇನೆ.

ಬಲೆಯಲ್ಲಿ ಬರುವ ಕಡಲಹಾವು. ಕಚ್ಚಿದಾಗ ನೋವು ಅಷ್ಟಿರುವುದಿಲ್ಲ, ಅದಕ್ಕೇ ಉದಾಸೀನ ಮಾಡುತ್ತಾರೆ. ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಮೈಕೈ ಬಿಗಿತ, ಸ್ನಾಯು ನೋವು, ರೆಪ್ಪೆ ಜೋತು ಬೀಳುವುದು, ಮೂತ್ರ ಕೆಂಪು–ಕಂದಾಗುವುದು ಶುರುವಾಗುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ವಿಷನಿರೋಧಕ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾಡಿದ್ದು, ಕಡಲಹಾವಿಗಲ್ಲ. ಹಾಗಾಗಿ ಬೇಕಾದದ್ದು ಉಸಿರಾಟದ ಯಂತ್ರ, ಡಯಾಲಿಸಿಸ್ ಇರುವ ಆಸ್ಪತ್ರೆ. ಮೆಸೇಜಿನಲ್ಲಿ “ಹಾವು” ಅಂತ ಬರೆಯದೆ “ಕಡಲಹಾವು” ಅಂತಲೇ ಬರೆಯಿರಿ. ಅಗಲದ ಬ್ಯಾಂಡೇಜನ್ನು ಇಡೀ ಕೈಗೋ ಕಾಲಿಗೋ ಬಿಗಿಯಾಗಿ ಸುತ್ತಿ, ಹಲಗೆ ಕಟ್ಟಿ ಅಲುಗಾಡದಂತೆ ಮಲಗಿಸಿ. ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ.

ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಬಿಸಿನೀರು. 45 ಡಿಗ್ರಿ ಮೀರಬಾರದು, ಗಾಯವಿಲ್ಲದ ಕೈಯಲ್ಲಿ ಮೊದಲು ಮುಟ್ಟಿ ನೋಡಿ, 30ರಿಂದ 90 ನಿಮಿಷ ಮುಳುಗಿಸಿಡಿ. ಎದೆಗೆ, ಹೊಟ್ಟೆಗೆ ಚುಚ್ಚಿದ ಮುಳ್ಳನ್ನು ಕೀಳಬೇಡಿ.

ಮೀನಿನ ಸ್ಟೋರೇಜ್ ಒಳಗೆ ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯಬಾರದು. ಕೊಳೆತ ಮೀನಿನ ಅನಿಲ ಎರಡನೆಯವನನ್ನೂ ಅಲ್ಲೇ ಕೆಡವುತ್ತದೆ. ಮುಚ್ಚಳ ಪೂರ್ತಿ ತೆರೆದು ಗಾಳಿ ಹಾಯಿಸಿ, ಹಗ್ಗ ಹಾಕಿ ಎಳೆಯಿರಿ.

ಮಲ್ಪೆ_ದಕ್ಕೆ
ಈ ಮೂರನ್ನೂ ಒಂದು ಪುಟಕ್ಕೆ ಇಳಿಸಿ, ಲ್ಯಾಮಿನೇಟ್ ಮಾಡಿ ವೀಲ್‌ಹೌಸಿನಲ್ಲಿ ನೇತುಹಾಕಿಸಬೇಕು ಡಾಕ್ಟ್ರೇ. ತೆಲುಗು, ಒಡಿಯಾ, ಹಿಂದಿಯಲ್ಲೂ ಬೇಕು, ಬೋಟಿನಲ್ಲಿ ಅರ್ಧಕ್ಕರ್ಧ ಅವರೇ ಇರುವುದು.

ಚೀಫ್‌ಮೇಟ್_ಉಳ್ಳಾಲ
ಹೆಲಿಕಾಪ್ಟರ್ ಬರುವುದಾದರೆ, ದೊಡ್ಡ ಹಡಗೋ ಬೋಟೋ, ಒಂದು ನಿಯಮ ಮರೆಯಬಾರದು. ಮೇಲಿಂದ ಬರುವ ಕೊಕ್ಕೆಯಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ. ಅದು ಡೆಕ್ಕಿಗೋ ನೀರಿಗೋ ತಾಗಿದ ಮೇಲೆಯೇ ಮುಟ್ಟಬೇಕು. ವಯರನ್ನು ಹಡಗಿನ ಯಾವ ಭಾಗಕ್ಕೂ ಕಟ್ಟಬಾರದು. ಡೆಕ್ ಮೇಲೆ ಟಾರ್ಪಾಲು, ಟೋಪಿ, ಖಾಲಿ ಡಬ್ಬಿ ಏನೂ ಇರಬಾರದು, ಫೈರ್ ಹೋಸ್ ಸಿದ್ಧವಿರಲಿ. ಹಡಗಿನ ದಿಕ್ಕು, ವೇಗ ಪೈಲಟ್ ಹೇಳಿದಂತೆ ಹಿಡಿದು ಹಾಗೇ ಇಡಿ. ರೋಗಿಯ ಮೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಗುರುತಿನ ಪುಸ್ತಕ), ಇಸಿಜಿ, ಕೊಟ್ಟ ಔಷಧಿ ಮತ್ತು ಸಮಯ ಹಾಕಿ. ಮಾರ್ಫಿನ್ ಕೊಟ್ಟಿದ್ದರೆ ಎಷ್ಟು ಹೊತ್ತಿಗೆ, ಎಷ್ಟು ಅನ್ನುವುದು ದೊಡ್ಡಕ್ಷರದಲ್ಲಿ.

ಸೆಕೆಂಡ್‌ಮೇಟ್_ಕುಂದಾಪುರ
ಎಲ್ಲರಿಗೂ ಧನ್ಯವಾದ. ಹಾಗಾದರೆ ಕಂಪನಿಗೆ ಬರೆಯುವುದು: ಸೂಟ್‌ಕೇಸ್ ಬೇಡ, 60 ಹರ್ಟ್ಸ್ ಆಯ್ಕೆ ಇರುವ ಹನ್ನೆರಡು ಲೀಡಿನ ಇಸಿಜಿ, ಕೈಪಂಪಿನ ಕಫ್, ಆಕ್ಸಿಮೀಟರ್ ಎರಡು, ಗ್ಲುಕೋಮೀಟರ್, ಮೂತ್ರ–ಮಲೇರಿಯಾ–ಟ್ರೋಪೋನಿನ್ ಕಿಟ್, ಕಾನ್ಸಂಟ್ರೇಟರ್. ಔಷಧಿ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿಲ್ಲದೆ, ಪ್ರಮಾಣ ಸಹಿತ ಟೈಪ್ ಮಾಡಿಟ್ಟುಕೊಳ್ಳುತ್ತೇನೆ. ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಈಗಾಗಲೇ ಇದೆ, ಅದರಲ್ಲಿ ನೋಡಬೇಕಾದದ್ದು ಏನಾದರೂ?

ಇಟಿಓ_ಅಂಕೋಲಾ
ಪ್ಯಾಡ್ ಕವರಿನ ಮೇಲಿನ ತಾರೀಕು, ಆಮೇಲೆ ಬ್ಯಾಟರಿಯದ್ದು. ಎರಡೂ ಬೇರೆ ಬೇರೆ ಸಮಯಕ್ಕೆ ಮುಗಿಯುತ್ತವೆ. ಜೊತೆಗೆ ಒಂದು ರೇಜರ್, ಟವೆಲ್ ಕಟ್ಟಿಡಿ. ಉಕ್ಕಿನ ಡೆಕ್ಕಿನ ಮೇಲೂ ಶಾಕ್ ಕೊಡಬಹುದು, ಎದೆ ಒಣಗಿರಬೇಕು, ಯಾರೂ ಮುಟ್ಟಿರಬಾರದು, ನೀರಿನ ಮಡುವಿನಲ್ಲಿ ಮಲಗಿಸಿರಬಾರದು. ಕಂಪನಕ್ಕೆ “ಅಲುಗಾಟ” ಅಂತ ಹೇಳಿ ವಿಶ್ಲೇಷಣೆ ನಿಲ್ಲಿಸಿದರೆ ಇಂಜಿನ್ ವೇಗ ಇಳಿಸಲು ಬ್ರಿಜ್‌ಗೆ ಹೇಳಿ, ಅಷ್ಟರವರೆಗೆ ಎದೆ ಒತ್ತುತ್ತಲೇ ಇರಿ. ಇಸಿಜಿ ಎಲೆಕ್ಟ್ರೋಡ್ ಪೊಟ್ಟಣವನ್ನು ಪ್ರ್ಯಾಕ್ಟೀಸಿಗೆ ಅಂತ ಒಡೆದರೆ ಉಳಿದವನ್ನು ವಾಪಸ್ ಪೆಟ್ಟಿಗೆಗೆ ಹಾಕಬೇಡಿ, ಜೆಲ್ ಒಣಗಿ ಹೋಗುತ್ತದೆ. ಡ್ರಿಲ್‌ಗೆ ಬೇರೆಯೇ ಒಂದು ಪೊಟ್ಟಣ ಇಂಡೆಂಟ್ ಹಾಕಿ.